ಎಡಗಡೆಯಿಂದ ಬಂದ ಕೈ

ಇಂಥ ಅನುಭವಗಳನ್ನು ಬೇರೆಯವರು ಬರೆದಾಗ ಅರ್ಧ ಓದಿ ಪುಟ ಮಗುಚುತ್ತಿದ್ದವನು ನಾನು. ಬರೆದವರು ಸುಳ್ಳು ಹೇಳುತ್ತಾರೆ ಎಂದಲ್ಲ. ಗಾಬರಿಯಲ್ಲೋ ನಿದ್ದೆಗೆಟ್ಟೋ ಒಂದನ್ನು ಇನ್ನೊಂದಾಗಿ ಕಂಡಿರುತ್ತಾರೆ, ಆಮೇಲೆ ಹೇಳಿ ಹೇಳಿ ಅದಕ್ಕೆ ಕೈಕಾಲು ಬೆಳೆದಿರುತ್ತದೆ ಎಂದುಕೊಳ್ಳುತ್ತಿದ್ದೆ. ಈಗಲೂ ಹೆಚ್ಚುಕಡಿಮೆ ಹಾಗೆಯೇ ಅಂದುಕೊಳ್ಳುತ್ತೇನೆ. ನನ್ನದು ಲೇಥ್ ಮೆಷಿನ್ನಿನ ಕೆಲಸ. ಐಟಿಐ ಮುಗಿಸಿ ಮಹದೇವಪುರದ ಒಂದು ಸಣ್ಣ ಕಾರ್ಖಾನೆಗೆ ಸೇರಿದವನು ಇವತ್ತಿಗೂ ಅಲ್ಲಿಯೇ ಇದ್ದೇನೆ. ಅಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಾದರೂ ಮಾಲು ವಾಪಸು ಬರುತ್ತದೆ. ಹಾಗಾಗಿ ಅಳೆದು ನೋಡದೆ ಯಾವುದನ್ನೂ ಸರಿ ಎನ್ನುವ ಅಭ್ಯಾಸ ನನಗಿಲ್ಲ. ಈಗ ಹೇಳಲು ಹೊರಟಿರುವ ಸಂಗತಿಯನ್ನು ಎಷ್ಟು ಸಲ ಅಳೆದರೂ ಒಂದೇ ಅಳತೆ ಬರುತ್ತಿಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ.

ನನ್ನ ಹೆಂಡತಿ ಮಂಜುಳಾ ಹೋದ ವರ್ಷ ತೀರಿಕೊಂಡಳು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಆ ಸಂಜೆ ನಡೆದದ್ದನ್ನು ಬಲ್ಲವರು ನಾವಿಬ್ಬರೇ. ನನಗೆ ನೆನಪಿರುವುದು ಸರಿಯೋ ತಪ್ಪೋ ಎಂದು ಹೇಳಬಲ್ಲವಳು ಅವಳೊಬ್ಬಳು. ಅವಳಿದ್ದಾಗ ನಾನು ಕೇಳಲಿಲ್ಲ. ಯಾಕೆ ಕೇಳಲಿಲ್ಲ ಎಂಬುದನ್ನೂ ಮುಂದೆ ಹೇಳುತ್ತೇನೆ.

ಆಗ ನಾವು ಜೋಗುಪಾಳ್ಯದಲ್ಲಿ ಮೊದಲ ಮಹಡಿಯ ಬಾಡಿಗೆ ಮನೆಯಲ್ಲಿದ್ದೆವು. ಮಗಳು ನಿಧಿ ಹುಟ್ಟಿದ್ದು ಆ ಮನೆಯಲ್ಲಿದ್ದಾಗಲೇ. ಮಂಜುಳಾಗೆ ತಾಯಿ ಇರಲಿಲ್ಲ. ಕೆ.ಆರ್.ಪುರದಲ್ಲಿರುವ ನನ್ನ ಅಕ್ಕ ಬಂದು ಒಂದು ತಿಂಗಳು ಇದ್ದು ಬಾಣಂತನ ಮಾಡಿ ಹೋದಳು. ಅಕ್ಕ ಹೋದ ವಾರವೇ ಮಗುವಿನ ಅಳು ಶುರುವಾಯಿತು. ಹಗಲೆಲ್ಲ ಚೆನ್ನಾಗಿಯೇ ಇರುತ್ತಿತ್ತು. ಹಾಲು ಕುಡಿಯುತ್ತಿತ್ತು, ಮಲಗುತ್ತಿತ್ತು, ಫ್ಯಾನು ನೋಡಿ ಕೈಕಾಲು ಆಡಿಸುತ್ತಿತ್ತು. ದೀಪ ಹಚ್ಚುವ ಹೊತ್ತಾಯಿತೆಂದರೆ ಮುಖ ಕೆಂಪಾಗಿ, ಮುಷ್ಟಿ ಬಿಗಿದು, ಕಾಲು ಹೊಟ್ಟೆಗೆ ಎಳೆದುಕೊಂಡು ಕಿರುಚಲು ತೊಡಗುತ್ತಿತ್ತು. ನಾವು ಊಟ ಮಾಡಿ ತಟ್ಟೆ ತೊಳೆದಿಡುವವರೆಗೂ ಅದು ನಿಲ್ಲುತ್ತಿರಲಿಲ್ಲ. ಊಟ ಎಂದರೆ ಒಬ್ಬರು ಎತ್ತಿಕೊಂಡು ತಿರುಗುವಾಗ ಇನ್ನೊಬ್ಬರು ನಿಂತುಕೊಂಡು ತಿನ್ನುವುದು.

ಮಗು ಅತ್ತರೆ ಎತ್ತಿಕೊಂಡು ಸಮಾಧಾನ ಮಾಡಿದರಾಯಿತು ಎಂದು ಮಕ್ಕಳಿಲ್ಲದವರು ತಿಳಿದಿರುತ್ತಾರೆ. ನಾನೂ ಹಾಗೆಯೇ ತಿಳಿದಿದ್ದೆ. ಎತ್ತಿಕೊಂಡರೂ ನಿಲ್ಲದ, ಇಳಿಸಿದರೂ ನಿಲ್ಲದ, ಹಾಲಿಗೂ ಹಾಡಿಗೂ ನಿಲ್ಲದ ಅಳುವನ್ನು ದಿನಾ ಸಂಜೆ ಕೇಳಿದವರಿಗೆ ಮಾತ್ರ ಅದು ಮನುಷ್ಯರನ್ನು ಎಲ್ಲಿಗೆ ತಂದು ನಿಲ್ಲಿಸುತ್ತದೆ ಎಂಬುದು ಗೊತ್ತು. ಮಧ್ಯಾಹ್ನ ಮುಗಿಯುತ್ತ ಬಂದಂತೆ ಮೆಷಿನ್ ಮುಂದೆ ನಿಂತವನು ಮತ್ತೆ ಮತ್ತೆ ಗಡಿಯಾರ ನೋಡುತ್ತಿದ್ದೆ. ಟಿನ್ ಫ್ಯಾಕ್ಟರಿ ಸ್ಟಾಪಿನ ಹತ್ತಿರ ಬಸ್ಸು ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡರೆ, ನಿಜ ಹೇಳುತ್ತೇನೆ, ಕೆಲವು ದಿನ ಒಳಗೊಳಗೇ ಸಮಾಧಾನವೂ ಆಗುತ್ತಿತ್ತು. ಆದರೆ ಅಲ್ಲಿ ಅವಳೊಬ್ಬಳೇ ಇದ್ದಾಳೆ ಎಂದು ನೆನಪಾಗಿ ಇಳಿದು ಓಡಬೇಕು ಎನ್ನಿಸುತ್ತಿತ್ತು.

ಡಾಕ್ಟರಿಗೆ ತೋರಿಸಿದೆವು. ಅವರು ಮಗುವಿನ ಹೊಟ್ಟೆ ಒತ್ತಿ ನೋಡಿ, ತೂಕ ನೋಡಿ, ನಕ್ಕರು. "ಮಗು ಚೆನ್ನಾಗಿದೆ ಕಣಮ್ಮಾ. ಇದು ಕಾಲಿಕ್ ಅಂತ, ಬಹಳ ಮಕ್ಕಳಿಗೆ ಬರುತ್ತೆ. ಮೂರು ತಿಂಗಳಾದ್ಮೇಲೆ ತಾನಾಗೇ ನಿಂತುಹೋಗುತ್ತೆ" ಎಂದರು. ಹೊರಗೆ ಬಂದ ಮೇಲೆ ಮಂಜುಳಾ, "ಅಲ್ಲೀವರೆಗೂ ಇವರ ಮನೇಲೇ ಬಿಟ್ಟು ಬರೋಣ್ವಾ?" ಎಂದಳು. ಇಬ್ಬರೂ ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು ನಕ್ಕೆವು. ಆ ದಿನಗಳಲ್ಲಿ ನಕ್ಕದ್ದು ಅಷ್ಟೇ ಇರಬೇಕು.

ಅಕ್ಕ ಫೋನಿನಲ್ಲೇ ಬೈದಳು. "ಸಂಜೆ ಹೊತ್ತು ಹೊಸಲಲ್ಲಿ ನಿಂತ್ಕೊಂಡು ಮಗೂಗೆ ಬೀದಿ ತೋರಿಸ್ತೀರಲ್ಲೋ, ಹೋಗಿ ಬರೋರ ಕಣ್ಣು ಎಲ್ಲಾ ಒಂದೇ ಥರ ಇರ್ತದಾ?" ಆಮೇಲೆ ಬಂದು ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಬಜೆ ತೇಯ್ದು ನಾಲಗೆಗೆ ಸವರಿದ್ದಾಯಿತು, ಓಮದ ನೀರು ಆಯಿತು, ಹೊಟ್ಟೆಗೆ ಇಂಗು ಹಚ್ಚಿದ್ದಾಯಿತು, ಸಾಂಬ್ರಾಣಿ ಹೊಗೆ ಹಾಕಿ ನಮಗೇ ಕೆಮ್ಮು ಬಂತು. ಮಗು ಮಾತ್ರ ತನ್ನ ಹೊತ್ತಿಗೆ ಸರಿಯಾಗಿ ಅಳುತ್ತಿತ್ತು.

ಈ ನಡುವೆ ನಮ್ಮಿಬ್ಬರಿಗೂ ಒಂದು ಪದ್ಧತಿ ಬೆಳೆದಿತ್ತು. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಮುಂದಿನದೆಲ್ಲ ನಿಂತಿರುವುದು ಇದರ ಮೇಲೆ. ಅಳುವಾಗ ಹತ್ತಿರ ಯಾರಾದರೂ ಮಾತಾಡಿದರೆ ಮಗುವಿನ ರಂಪ ಇನ್ನೂ ಜೋರಾಗುತ್ತಿತ್ತು. ಹಾಗಾಗಿ ಮಗುವನ್ನು ಒಬ್ಬರಿಂದ ಒಬ್ಬರು ತೆಗೆದುಕೊಳ್ಳುವಾಗ ನಾವು ಮಾತೇ ಆಡುತ್ತಿರಲಿಲ್ಲ. ನಾನು ಯಾವಾಗಲೂ ಎಡ ಹೆಗಲಿಗೆ ಹಾಕಿಕೊಂಡು ತಿರುಗುತ್ತಿದ್ದೆ. ನನಗೆ ಕೈ ಸೋತಾಗ ಮಂಜುಳಾ ನನ್ನ ಎಡಗಡೆಯಿಂದ ಬಂದು, ಬಲಗೈಯನ್ನು ಮಗುವಿನ ಕತ್ತಿನ ಕೆಳಗೆ ತೂರಿಸಿ, ಎಡಗೈ ಬೆರಳುಗಳಿಂದ ನನ್ನ ಅಂಗಿಯ ತೋಳನ್ನು ಎರಡು ಸಲ ಮೆಲ್ಲಗೆ ಜಗ್ಗುತ್ತಿದ್ದಳು. ಹಿಡಿದುಕೊಂಡಿದ್ದೇನೆ, ಕೈ ತೆಗೆಯಿರಿ ಎಂದು ಅದರ ಅರ್ಥ. ನಾನು ತಿರುಗಿಯೂ ನೋಡದೆ ಕೈ ಸಡಿಲ ಮಾಡುತ್ತಿದ್ದೆ. ಹೀಗೆ ಒಂದು ಸಂಜೆಗೆ ಎಷ್ಟು ಸಲ ನಡೆಯುತ್ತಿತ್ತೋ ಲೆಕ್ಕವಿಲ್ಲ. ಇದನ್ನು ನಾವು ಯಾರಿಗೂ ಹೇಳಿದವರಲ್ಲ, ಹೇಳುವಂಥ ವಿಷಯವೂ ಅಲ್ಲ.

ಇನ್ನೊಂದು ಮಾತು. ಬಸುರಿಯಾಗಿದ್ದಾಗ ಮಂಜುಳಾಳ ಕೈಬೆರಳು ಊದಿಕೊಂಡು ಮದುವೆಯ ಉಂಗುರ ಬಿಗಿಯಾಗಿತ್ತು. ಸೋಪು ಹಚ್ಚಿ ಕಷ್ಟಪಟ್ಟು ತೆಗೆದು ಬೀರುವಿನಲ್ಲಿ ಒಂದು ಸ್ಟೀಲ್ ಡಬ್ಬಿಯಲ್ಲಿ ಇಟ್ಟಿದ್ದಳು. ಹೆರಿಗೆಯಾದ ಮೇಲೂ ಅದು ಬೆರಳಿಗೆ ಹತ್ತಿರಲಿಲ್ಲ.

ಕೆಳಗಿನ ಮನೆಯಲ್ಲಿ ಶಮೀಮ್ ಆಪಾ ಇದ್ದರು. ಅವರ ಯಜಮಾನರಿಗೆ ಶಿವಾಜಿನಗರದಲ್ಲಿ ಹಾಸಿಗೆ ಅಂಗಡಿ. ದಿನಾ ಸಂಜೆ ನಮ್ಮ ಮಗುವಿನ ಅಳು ಅವರ ಮನೆಗೂ ಕೇಳುತ್ತಿತ್ತು. ಒಂದು ದಿನ ಮೆಟ್ಟಿಲು ಹತ್ತಿ ಬಂದೇ ಬಿಟ್ಟರು. ಸದ್ದು ಜಾಸ್ತಿಯಾಯಿತೆಂದು ಹೇಳಲು ಬಂದರೇನೋ ಎಂದು ನಾನು ಬಾಗಿಲಲ್ಲೇ ಮುದುಡಿ ನಿಂತೆ. ಅವರು ನನ್ನನ್ನು ದಾಟಿಕೊಂಡು ಒಳಗೆ ಹೋದರು.

"ಅರೆ ಮಂಜು, ಡಾಕ್ಟ್ರ ಮಾತು ಡಾಕ್ಟ್ರಿಗಿರಲಿ. ಮಾರ್ಕೆಟ್ ಹತ್ರ ಮಸೀದಿ ಇದೆಯಲ್ಲ, ಸಂಜೆ ನಮಾಜ್ ಬಿಡೋ ಟೈಮಿಗೆ ಮಗೂನ ತಗೊಂಡು ಗೇಟ್ ಹತ್ರ ನಿಂತ್ಕೋ. ಹೊರಗೆ ಬರೋರೆಲ್ಲ ದುವಾ ಓದಿ ಮಗು ಮುಖಕ್ಕೆ ಊದ್ತಾರೆ. ಎಲ್ಲಾ ಜನಾನೂ ಬರ್ತಾರೆ, ನೀನೊಬ್ಳೇ ಅಲ್ಲ. ಬಾಟ್ಲಿಲಿ ನೀರು ತಗೊಂಡು ಹೋಗು, ಅದಕ್ಕೂ ಊದಿಸ್ಕೊಂಡು ಬಾ. ನನ್ನ ಮೂರು ಮಕ್ಳಿಗೂ ಮಾಡ್ಸಿದ್ದೀನಿ." ಆಮೇಲೆ ನನ್ನ ಕಡೆ ತಿರುಗಿ, "ನಿನ್ನ ಯಜಮಾನ್ರಿಗೆ ಹೇಳು, ಅಲ್ಲಿ ಬಂದು ಮೂತಿ ಗಂಟು ಹಾಕ್ಕೊಂಡು ನಿಂತ್ಕೊಬಾರ್ದು ಅಂತ" ಎಂದರು.

ಶಿವಾಜಿನಗರದ ಕಡೆ ಓಡಾಡಿದವರಿಗೆ ಈ ನೋಟ ಹೊಸದಲ್ಲ. ಸೀರೆಯುಟ್ಟವರು, ಬುರ್ಖಾ ಹಾಕಿದವರು, ಕತ್ತಿನಲ್ಲಿ ಶಿಲುಬೆ ಇರುವವರು, ಎಲ್ಲರೂ ಸಾಲಾಗಿ ಮಕ್ಕಳನ್ನು ಎತ್ತಿಕೊಂಡು ನಿಂತಿರುತ್ತಾರೆ. ನಾನೂ ಎಷ್ಟೋ ಸಲ ಬಸ್ಸಿನಿಂದ ನೋಡಿದ್ದೆ. ಆದರೂ ಊದಿದರೆ ಹೊಟ್ಟೆಯೊಳಗಿನ ಗಾಳಿ ಹೇಗೆ ಹೋಗುತ್ತದೆ ಎಂದು ಮಂಜುಳಾಳನ್ನು ಕೇಳಿದೆ. "ನಿಮಗೆ ನಂಬಿಕೆ ಇರೋದೇನೂ ಬೇಡ. ಆಟೋಲಿ ಜೊತೆಗೆ ಕೂತ್ಕೊಂಡು ಬನ್ನಿ ಸಾಕು" ಎಂದಳು. ಅವಳ ಕಣ್ಣ ಕೆಳಗೆ ಕಪ್ಪಾಗಿತ್ತು.

ಮರುದಿನ ರಜೆ ಹಾಕಿದೆ. ಹೊತ್ತು ಮುಳುಗುವ ಮುಂಚೆ ಅಲ್ಲಿಗೆ ಮುಟ್ಟಿದೆವು. ಆಟೋ ಓಡುವಷ್ಟು ಹೊತ್ತು ಸುಮ್ಮನಿದ್ದ ಮಗು ಇಳಿದ ತಕ್ಷಣ ಶುರುಮಾಡಿತು. ಗೇಟಿನ ಪಕ್ಕ ಆಗಲೇ ಹತ್ತಿಪ್ಪತ್ತು ಜನ ತಾಯಂದಿರು ನಿಂತಿದ್ದರು. ಎಲ್ಲರ ಕೈಯಲ್ಲೂ ನೀರಿನ ಬಾಟಲಿ. ಮಂಜುಳಾ ತನ್ನ ಚೀಲ ತಡಕಿದಳು. ಹಾಲಿನ ಬಟ್ಟೆ, ಒರೆಸುವ ಬಟ್ಟೆ, ಟೋಪಿ, ಎಲ್ಲವೂ ಇತ್ತು. ನೀರು ಮನೆಯಲ್ಲೇ ಉಳಿದಿತ್ತು. "ಒಂದ್ನಿಮಿಷ ಹಿಡ್ಕೊಳ್ಳಿ, ಆ ಅಂಗಡೀಲಿ ತಗೊಂಡು ಬರ್ತೀನಿ" ಎಂದು ಮಗುವನ್ನು ನನಗೆ ಕೊಟ್ಟು ರಸ್ತೆ ದಾಟಿ ಹೋದಳು. ಅಂಗಡಿ ಇದ್ದದ್ದು ನನ್ನ ಬಲಗಡೆ. ಅವಳು ಹೋಗುವುದನ್ನು ನೋಡಿದೆ.

ಅಷ್ಟರಲ್ಲಿ ನಮಾಜು ಮುಗಿದು ಜನ ಹೊರಗೆ ಬರತೊಡಗಿದರು. ಬಿಳಿ ಗಡ್ಡದವರು, ಕೆಲಸದ ಬಟ್ಟೆಯಲ್ಲೇ ಬಂದ ಹುಡುಗರು, ಪ್ರತಿಯೊಬ್ಬರೂ ನಿಂತು, ತುಟಿಯಲ್ಲೇ ಏನೋ ಓದಿ, ಮಗುವಿನ ಮುಖಕ್ಕೆ ಮೆಲ್ಲಗೆ ಊದಿ ಮುಂದಿನ ಮಗುವಿನ ಹತ್ತಿರ ಹೋಗುತ್ತಿದ್ದರು. ಹಿಂದಿನಿಂದ ಜನ ಒತ್ತುತ್ತಿದ್ದರು. ಮಗು ಬಿಲ್ಲಿನ ಹಾಗೆ ಬಾಗಿ ಕಿರುಚುತ್ತಿತ್ತು. ನನ್ನ ಎಡಗೈ ಮರಗಟ್ಟಿತ್ತು. ಬಲಗಡೆ ಒಬ್ಬ ಮುದುಕರು ನಿಂತು, "ಬೇಟೀನಾ? ಹೆಸರೇನು?" ಎಂದು ಕೇಳಿದರು. ನಾನು ಅವರ ಕಡೆ ಬಗ್ಗಿ ಹೆಸರು ಹೇಳುತ್ತಿದ್ದೆ.

ಆಗ ಎಡಗಡೆಯಿಂದ ಕೈ ಬಂತು. ಮಗುವಿನ ಕತ್ತಿನ ಕೆಳಗೆ ಬಲಗೈ ಹೋಯಿತು. ಎಡಗೈ ನನ್ನ ತೋಳನ್ನು ಎರಡು ಸಲ ಜಗ್ಗಿತು. ನಾನು ಕೈ ಸಡಿಲ ಮಾಡಿದೆ. ತೋಳು ಜಗ್ಗಿದ ಬೆರಳು ಕಣ್ಣಿನ ಅಂಚಿಗೆ ಕಂಡಿತು. ಬೆರಳಿನಲ್ಲಿ ಉಂಗುರ, ಉಂಗುರದ ಹಿಂಭಾಗಕ್ಕೆ ಸುತ್ತಿದ ದಾರ. ಬೆರಳಿಗೆ ದೊಡ್ಡದಾದ ಉಂಗುರ ಜಾರಬಾರದೆಂದು ಸುತ್ತುತ್ತಾರಲ್ಲ, ಹಾಗೆ. ಉಂಗುರ ಯಾವಾಗ ಹಾಕಿಕೊಂಡಳು ಎಂದು ಒಂದು ಕ್ಷಣ ಅನ್ನಿಸಿತು. ಅಷ್ಟೇ. ಮಗುವಿನ ಭಾರ ಕೈಯಿಂದ ಹೋದ ಕೂಡಲೇ ಅಳು ನಿಂತಿತು. ಮುದುಕರು ನಕ್ಕು, "ನೋಡಿ, ಅಮ್ಮನ ಕೈಗೆ ಹೋಯ್ತು, ಆಯ್ತು" ಎಂದು ಹೇಳಿ ಮುಂದೆ ಹೋದರು. ನಾನು ತಿರುಗಿದಾಗ ಜನರ ನಡುವೆ ಶಾಲು ಹೊದ್ದ ಒಂದು ಬೆನ್ನು ದೂರ ಹೋಗುತ್ತಿತ್ತು. ಗಾಳಿ ಇರುವ ಕಡೆ ಕರೆದುಕೊಂಡು ಹೋಗುತ್ತಿದ್ದಾಳೆ ಎಂದುಕೊಂಡು ಮರಗಟ್ಟಿದ ಕೈ ಕೊಡವಿಕೊಂಡೆ.

ಮಂಜುಳಾ ಬಲಗಡೆಯಿಂದ ಬಂದಳು. ಕೈಯಲ್ಲಿ ನೀರಿನ ಬಾಟಲಿ.

"ಮಗು ಎಲ್ರೀ?"

"ನೀನೇ ತಗೊಂಡ್ಯಲ್ಲ."

"ನಾನಾ? ನಾನೀಗ ತಾನೇ ಬರ್ತಿದ್ದೀನಿ!"

ಅವಳ ಕೈಯಿಂದ ಬಾಟಲಿ ಬಿತ್ತು. ಮುಂದಿನ ಕೆಲವು ನಿಮಿಷಗಳನ್ನು ಕ್ರಮವಾಗಿ ಹೇಳಲು ನನಗೆ ಬರುವುದಿಲ್ಲ. ಮಂಜುಳಾ ಪ್ರತಿಯೊಬ್ಬ ಹೆಂಗಸಿನ ಹತ್ತಿರ ಹೋಗಿ ಅವಳ ಕೈಯಲ್ಲಿದ್ದ ಮಗುವಿನ ಮುಖ ನೋಡುತ್ತಿದ್ದಳು. ಯಾರೂ ಬೇಸರಪಡಲಿಲ್ಲ, ತಾವೇ ಬಟ್ಟೆ ಸರಿಸಿ ತೋರಿಸಿದರು. "ಬಚ್ಚಾ ನೈ ದಿಖ್ತಾ ಕತೆ" ಎಂದು ಯಾರೋ ಕೂಗಿದರು, ಮಗು ಕಾಣುತ್ತಿಲ್ಲವಂತೆ ಎಂದು. ನಾಲ್ಕಾರು ಹುಡುಗರು ಓಣಿಯ ಎರಡೂ ತುದಿಗೆ ಓಡಿದರು. ನಾನು ನಿಂತಲ್ಲೇ ನಿಂತಿದ್ದೆ. ಅಷ್ಟು ವಾರ ನಿಲ್ಲಲಿ ಎಂದು ಬೇಡಿಕೊಂಡ ಅಳು ಈಗ ಎಲ್ಲಿಂದಲಾದರೂ ಕೇಳಿಸಲಿ ಎಂದು ಕಿವಿಗೊಟ್ಟು ನಿಂತಿದ್ದೆ. ಬಸ್ಸಿನ ಹಾರನ್ನು, ಗಾಡಿಯವರ ಕೂಗು, ಬೇರೆ ಮಕ್ಕಳ ಅಳು, ಎಲ್ಲ ಕೇಳುತ್ತಿತ್ತು. ನಮ್ಮದು ಮಾತ್ರ ಕೇಳಲಿಲ್ಲ.

ಓಣಿಯ ಎಡ ತಿರುವಿನಿಂದ ಒಬ್ಬ ಹುಡುಗ ಕೈಬೀಸಿ ಕರೆದ. ಅಲ್ಲಿ ಗೋಣಿಚೀಲ ಹಾಸಿ ಪುದೀನ, ಕೊತ್ತಂಬರಿ ಮಾರುತ್ತಿದ್ದ ಒಬ್ಬ ಮುದುಕಿ. ಅವಳ ಮಡಿಲಲ್ಲಿ ನಿಧಿ ಬಾಯಿ ಸ್ವಲ್ಪ ತೆರೆದುಕೊಂಡು ನಿದ್ದೆ ಮಾಡುತ್ತಿದ್ದಳು. ಸಂಜೆ ಹೊತ್ತಿನಲ್ಲಿ ಅವಳು ನಿದ್ದೆ ಮಾಡಿದ್ದನ್ನು ನಾವು ಅದುವರೆಗೆ ನೋಡಿರಲಿಲ್ಲ.

ಮುದುಕಿ ಮಂಜುಳಾಳನ್ನು ನೋಡಿ, "ಬಾ ಕಣ್ಣು, ಬಾ. ನಿದ್ದೆ ಹೋಯ್ತು ನೋಡು ಬಂಗಾರ" ಎಂದಳು. ತಮಿಳಿನವರ ಕನ್ನಡ. ಮಂಜುಳಾ ಮಗುವನ್ನು ಎತ್ತಿ ಎದೆಗೆ ಒತ್ತಿಕೊಂಡು, "ಯಾರಜ್ಜಿ ನಿಮಗೆ ಕೊಟ್ಟಿದ್ದು?" ಎಂದು ಕೇಳಿದಳು.

"ಯಾರು ಕೊಟ್ಟಿದ್ದಾ? ನೀನೇ ತಾನೇ ಕೊಟ್ಟೆ! 'ಸ್ವಲ್ಪ ಇಟ್ಕೋ ಅಜ್ಜಿ, ಇವಳ ಅಮ್ಮ ಬರ್ತಾಳೆ' ಅಂದೆ. ನಂಗೆ ನಗುವೇ ಬಂತು. ನೀನೇ ಅಮ್ಮ, ಇನ್ಯಾವ ಅಮ್ಮ ಬರಬೇಕು ಅಂತ." ಮಂಜುಳಾಳ ಮುಖ ದಿಟ್ಟಿಸಿ ನೋಡಿ, "ತಲೆ ಮೇಲೆ ಶಾಲು ಹೊದ್ದಿದ್ದೆಯಲ್ಲ, ಅದೆಲ್ಲಿ? ಆಗ ಮುಖ ಎಲ್ಲಾ ಬಾಡೋಗಿತ್ತು. ಈಗ ಪರವಾಗಿಲ್ವಾ ತಾಯೀ?" ಎಂದಳು.

ಮಂಜುಳಾ ಆವತ್ತು ಶಾಲು ತಂದಿರಲಿಲ್ಲ. ನಮ್ಮ ಮನೆಯಲ್ಲಿ ಅಂಥದೊಂದು ಶಾಲೂ ಆಗ ಇರಲಿಲ್ಲ.

ಆಟೋದಲ್ಲಿ ಅವಳು ಅತ್ತಳು. ಹಲಸೂರು ಕೆರೆ ದಾಟುವವರೆಗೂ ಅತ್ತು, ಆಮೇಲೆ ಮೂಗು ಒರೆಸಿಕೊಂಡು, "ಮುಖ ನೋಡಿ ಕೊಡೋಕಾಗಲ್ವೇನ್ರೀ ನಿಮಗೆ? ಯಾರದೋ ಕೈಗೆ ಕೊಟ್ಟು ಬಿಟ್ರಲ್ಲ" ಎಂದಳು. ನಾನು, ಕೈ ನಿನ್ನದೇ ಆಗಿತ್ತು, ತೋಳು ಜಗ್ಗಿತು ಎಂದೆ. ಅವಳು ನಂಬಲಿಲ್ಲ.

ಮನೆಗೆ ಬಂದ ಮೇಲೂ ಮಗು ಏಳಲಿಲ್ಲ. ಇಬ್ಬರೂ ಕೂತುಕೊಂಡು ಊಟ ಮಾಡಿದೆವು, ಎಷ್ಟೋ ವಾರಗಳ ಮೇಲೆ. ಆಗ ಉಂಗುರದ ವಿಷಯ ಹೇಳಿದೆ. ಅವಳು ಎಡಗೈ ಎತ್ತಿ ತೋರಿಸಿದಳು. ಬೆರಳು ಬರಿದಾಗಿತ್ತು. "ಉಂಗುರ ಬೀರುವಲ್ಲಿದೆ ಮಹಾರಾಯ್ರೇ. ಅಂದ್ಮೇಲೆ ಅದು ನಾನಲ್ಲ, ಲೆಕ್ಕ ಮುಗೀತು" ಎಂದಳು. ಉಂಗುರಕ್ಕೆ ದಾರ ಬೇರೆ ಸುತ್ತಿತ್ತು ಎಂದೆ. ಅವಳು ಊದಿದ ಬೆರಳುಗಳನ್ನು ನೋಡಿಕೊಂಡು, "ದಾರ ಸುತ್ತೋಷ್ಟು ಸಣ್ಣ ಆಗಿದ್ರೆ ನಂಗೆ ಅಷ್ಟೇ ಸಾಕಿತ್ತು" ಎಂದು ನಕ್ಕಳು.

ಆ ಸಂಜೆಯ ನಂತರ ಮಗು ಹಾಗೆ ಅಳಲಿಲ್ಲ. ಶಮೀಮ್ ಆಪಾ, "ನಾನು ಹೇಳ್ಲಿಲ್ವಾ?" ಎಂದರು. ಅಕ್ಕ, ತಾನು ನಿವಾಳಿಸಿದ್ದು ನಿಧಾನವಾಗಿ ಹಿಡಿಯಿತು ಎಂದಳು. ಡಾಕ್ಟರು ಹೇಳಿದ ಮೂರು ತಿಂಗಳೂ ಹತ್ತಿರ ಬಂದಿತ್ತು. ನಾನು ಡಾಕ್ಟರ ಪಕ್ಷ. ಉಳಿದದ್ದಕ್ಕೂ ನಾವಿಬ್ಬರೂ ಸೇರಿ ಒಂದು ಸಮಾಧಾನ ಹುಡುಕಿಕೊಂಡೆವು. ಗಂಡಸು ಮಗುವನ್ನು ಹಿಡಿದುಕೊಂಡು ಒದ್ದಾಡುವುದನ್ನು ನೋಡಿ ಯಾರೋ ಪುಣ್ಯಾತ್ಗಿತ್ತಿ ಕನಿಕರದಿಂದ ಎತ್ತಿಕೊಂಡಿರಬೇಕು, ಸಮಾಧಾನ ಮಾಡಿ, ಹೊತ್ತಾಯಿತೆಂದು ಮುದುಕಿಯ ಹತ್ತಿರ ಬಿಟ್ಟು ಹೋಗಿರಬೇಕು. ಮುದುಕಿಗೆ ಕಣ್ಣು ಮಂಜಾಗಿರಬೇಕು. 'ಇವಳ ಅಮ್ಮ ಬರ್ತಾಳೆ' ಎಂದವಳು ಅಮ್ಮನಾಗಿರಲು ಸಾಧ್ಯವಿಲ್ಲವಲ್ಲ. ಎರಡು ಸಲ ತೋಳು ಜಗ್ಗಿದ್ದು ಮಾತ್ರ ಈ ಲೆಕ್ಕಕ್ಕೆ ಕೂಡುತ್ತಿರಲಿಲ್ಲ. ಅದನ್ನು ಬದಿಗಿಟ್ಟೆ.

ವರ್ಷಗಳು ಹೋದಂತೆ ಅದು ನಮ್ಮ ಮನೆಯ ತಮಾಷೆಯಾಯಿತು. ಮಂಜುಳಾ ಬಂದವರಿಗೆಲ್ಲ ಹೇಳುತ್ತಿದ್ದಳು. ನಾನು ಅವಳ ಕೈಗೆ ಕಾಫಿ ಲೋಟ ಕೊಟ್ಟರೂ, ತರಕಾರಿ ಚೀಲ ಕೊಟ್ಟರೂ, "ಮುಖ ನೋಡಿ ಕೊಡ್ರೀ" ಎನ್ನುತ್ತಿದ್ದಳು. ನಿಧಿಗೂ ಆ ಮಾತು ಅಂಟಿತು. ಅವಳಿಗೆ ಅದು ಎಲ್ಲರ ಮನೆಯಲ್ಲೂ ಹೇಳುವ ಮಾತು ಎಂದೇ ಬಹಳ ದಿನ ಅನ್ನಿಸಿತ್ತಂತೆ.

ನಿಧಿಗೆ ಹತ್ತು ವರ್ಷವಾದಾಗ ಮಂಜುಳಾಗೆ ಕಾಯಿಲೆ ಬಂತು. ಯಾವ ಕಾಯಿಲೆ, ಏನೇನು ಮಾಡಿಸಿದೆವು ಎಂಬುದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಕೂದಲು ಉದುರಿತು. ಅಕ್ಕ ಒಂದು ತೆಳ್ಳನೆಯ ಶಾಲು ತಂದುಕೊಟ್ಟಳು, ಅದನ್ನೇ ತಲೆಗೆ ಹೊದ್ದುಕೊಳ್ಳುತ್ತಿದ್ದಳು. ಮೈ ಇಳಿಯಿತು. ಬೆರಳಿನಿಂದ ಉಂಗುರ ಜಾರಿ ಆಸ್ಪತ್ರೆಯ ಹಾಸಿಗೆಯಲ್ಲಿ ಎರಡು ಸಲ ಕಳೆದು ಸಿಕ್ಕಿತು. ಒಂದು ದಿನ ನಾನು ಶಿಫ್ಟಿನಲ್ಲಿದ್ದಾಗ ನಿಧಿ, ಸ್ಕೂಲಿನ ಗೆಳತಿಯರಿಗೆ ಕೈಪಟ್ಟಿ ಹೆಣೆಯಲು ಇಟ್ಟುಕೊಂಡಿದ್ದ ದಾರದಿಂದ ಒಂದೆಳೆ ತೆಗೆದು ಉಂಗುರಕ್ಕೆ ಸುತ್ತಿ ಅಮ್ಮನಿಗೆ ಹಾಕಿದ್ದಳು. ನಾನು ಅದನ್ನು ಗಮನಿಸಿರಲಿಲ್ಲ.

ಮರುದಿನ ಮಧ್ಯಾಹ್ನ ನಾನು ಅವಳ ಹಾಸಿಗೆಯ ಪಕ್ಕ ನಿಂತಿದ್ದೆ. ಕಿಟಕಿಯ ಕಡೆ ಮುಖ ಮಾಡಿದ್ದೆ, ಹಾಸಿಗೆ ನನ್ನ ಎಡಕ್ಕಿತ್ತು. ಅವಳು ನಿದ್ದೆಯಲ್ಲಿದ್ದಳು. ಇದ್ದಕ್ಕಿದ್ದ ಹಾಗೆ ತೋಳು ಜಗ್ಗಿದಂತಾಯಿತು. ಮೆಲ್ಲಗೆ, ಎರಡು ಸಲ.

ಹತ್ತು ವರ್ಷದಿಂದ ಮರೆತಿದ್ದ ಅಭ್ಯಾಸ. ನನ್ನ ಕೈಗಳು ತಾವಾಗಿಯೇ ಸಡಿಲವಾದವು, ಅವುಗಳಲ್ಲಿ ಏನೂ ಇಲ್ಲದಿದ್ದರೂ. ತಿರುಗಿ ನೋಡಿದೆ. ಅವಳ ಎಡಗೈ ನನ್ನ ತೋಳಿನ ಮೇಲಿತ್ತು. ಬೆರಳಿನಲ್ಲಿ ಉಂಗುರ, ಉಂಗುರಕ್ಕೆ ಸುತ್ತಿದ ನೀಲಿ ದಾರ. ಈ ಸಲ ಮುಖವನ್ನೂ ನೋಡಿದೆ. ಶಾಲಿನೊಳಗೆ ಬಾಡಿದ ಮುಖ, ಕಣ್ಣು ಮುಚ್ಚಿತ್ತು. ಸ್ವಲ್ಪ ಹೊತ್ತಿಗೆ ಆ ಕೈ ನನ್ನನ್ನು ಬಿಟ್ಟು ಅವಳ ಎದೆಯ ಮೇಲೆ ಹೋಗಿ, ಮಗುವಿನ ಬೆನ್ನು ತಟ್ಟುವ ಹಾಗೆ ಮೆಲ್ಲಗೆ ತಟ್ಟಿಕೊಂಡಿತು. ಆಮೇಲೆ ನಿಂತಿತು.

ಎಚ್ಚರವಾದ ಮೇಲೆ, ಕನಸು ಬಿತ್ತಾ ಎಂದು ಕೇಳಿದೆ. "ಇಲ್ವಲ್ಲ. ಯಾಕೆ?" ಎಂದಳು. ಆಮೇಲೆ, "ನಿಧಿ ಸ್ಕೂಲಿಂದ ಬಂದ್ಲಾ?" ಎಂದಳು.

ನನ್ನ ನೆನಪಿನಲ್ಲಿ ಗೇಟಿನ ಹತ್ತಿರ ಕಂಡ ದಾರವೂ ನೀಲಿಯೇ. ನನಗೆ ಕೇಳಬೇಕಾಗಿದ್ದದ್ದು ಒಂದೇ ಮಾತು. ಆ ಸಂಜೆ ಊಟ ಮಾಡುತ್ತ ಉಂಗುರದ ಬಗ್ಗೆ ಹೇಳಿದೆನಲ್ಲ, ದಾರದ ಬಣ್ಣ ಹೇಳಿದ್ದೆನಾ? ನೀಲಿ ಎಂದಿದ್ದೆನಾ? ಸಾಮಾನ್ಯವಾಗಿ ಉಂಗುರಕ್ಕೆ ಕೆಂಪೋ ಬಿಳಿಯೋ ಸುತ್ತುತ್ತಾರೆ, ನೀಲಿ ಯಾರೂ ಸುತ್ತುವುದಿಲ್ಲ. ನಾನು ಆಗಲೇ ನೀಲಿ ಎಂದು ಹೇಳಿದ್ದರೆ ಅಲ್ಲಿ ಕಂಡದ್ದು ಇದೇ ದಾರ. ಹೇಳಿರದಿದ್ದರೆ, ಆಸ್ಪತ್ರೆಯಲ್ಲಿ ಕಂಡ ದಾರವನ್ನು ನಾನೇ ಹಿಂದಕ್ಕೆ ಕೊಂಡುಹೋಗಿ ಆ ಬೆರಳಿಗೆ ಸುತ್ತಿದ್ದೇನೆ. ಅವಳಿಗೆ ನೆನಪಿರುತ್ತಿತ್ತು. ಅವಳ ನೆನಪು ನನ್ನದಕ್ಕಿಂತ ಗಟ್ಟಿ. ಆದರೆ ಹೇಗೆ ಕೇಳುವುದು? ಕೇಳಿದರೆ ಮುದುಕಿ ಹೇಳಿದ ಶಾಲು, ಬಾಡಿದ ಮುಖ, ಎಲ್ಲ ಅವಳಿಗೂ ಹೊಳೆಯುತ್ತಿತ್ತು. ನೀನು ಇನ್ನು ಹೆಚ್ಚು ದಿನ ಇರುವುದಿಲ್ಲ ಎಂದು ನನ್ನ ಬಾಯಿಂದಲೇ ಹೇಳಿದ ಹಾಗಾಗುತ್ತಿತ್ತು. ನಾಳೆ ಕೇಳೋಣ ಎಂದುಕೊಂಡೆ. ಆ ನಾಳೆಗಳು ಬಹಳ ಇರಲಿಲ್ಲ.

ಅವಳು ಹೋದ ಮೇಲೆ ಒಂದು ಸಂಜೆ ಆ ಮಸೀದಿಯ ಹತ್ತಿರ ಹೋಗಿದ್ದೆ. ಈಗಲೂ ತಾಯಂದಿರು ಹಾಗೆಯೇ ಸಾಲಾಗಿ ನಿಂತಿರುತ್ತಾರೆ. ಎಡ ತಿರುವಿನಲ್ಲಿ ಮೊಬೈಲ್ ಕವರ್ ಮಾರುವವನೊಬ್ಬನಿದ್ದ. ಸೊಪ್ಪಿನ ಅಜ್ಜಿ ಎಂದರೆ ಅವನಿಗೆ ಗೊತ್ತಾಗಲಿಲ್ಲ. ಗೇಟಿನ ಹತ್ತಿರ ಸ್ವಲ್ಪ ಹೊತ್ತು ನಿಂತಿದ್ದೆ. ಜನ ಹೊರಗೆ ಬಂದರು, ಮಕ್ಕಳ ಮುಖಕ್ಕೆ ಊದಿದರು, ಹೋದರು. ನಾನು ಯಾವುದಕ್ಕೆ ಕಾದು ನಿಂತಿದ್ದೆನೋ ನನಗೇ ಸರಿಯಾಗಿ ತಿಳಿಯಲಿಲ್ಲ. ಬಸ್ಸು ಹಿಡಿದು ವಾಪಸು ಬಂದೆ.

ಓದುವ ನಿಮಗೆ ಇದೆಲ್ಲ ದುಃಖದಲ್ಲಿರುವವನ ಮನಸ್ಸು ಹೊಲಿದ ಬಟ್ಟೆ ಎನ್ನಿಸಬಹುದು. ನನಗೂ ಹಲವು ದಿನ ಹಾಗೆಯೇ ಅನ್ನಿಸುತ್ತದೆ. ಎಷ್ಟೋ ಸಲ ಹೇಳಿ ನಕ್ಕ ಕಥೆ ಅವಳ ನಿದ್ದೆಯಲ್ಲಿ ಬಂದಿರಬಹುದು, ಕೈ ಹಳೆಯ ಅಭ್ಯಾಸದಿಂದ ತೋಳು ಜಗ್ಗಿರಬಹುದು. ಅದನ್ನು ಒಪ್ಪಿಕೊಂಡು ಕೆಲಸಕ್ಕೆ ಹೋಗುತ್ತೇನೆ. ಮೆಷಿನ್ ಮುಂದೆ ನಿಂತಾಗ ಎಡ ತೋಳು ಸ್ವಲ್ಪ ಹಗುರಾದಂತಾಗುತ್ತದೆ. ಆಗ ಒಪ್ಪಿಕೊಂಡದ್ದು ಕೈಬಿಟ್ಟು ಹೋಗುತ್ತದೆ. ಆ ಮುದುಕಿಗೆ ಕಂಡ ಮುಖವನ್ನು ನಾನು ಹೊಲಿದಿಲ್ಲ. ಅದನ್ನು ಮಂಜುಳಾಳೂ ನನ್ನ ಪಕ್ಕ ನಿಂತು ಕೇಳಿಸಿಕೊಂಡಿದ್ದಾಳೆ.

ಈಗ ಬೆಳಿಗ್ಗೆ ನಿಧಿಗೆ ಟಿಫಿನ್ ಡಬ್ಬಿ ಕಟ್ಟಿಕೊಡುವುದು ನಾನು. ಅವಸರದಲ್ಲಿ ಬೇರೆಲ್ಲೋ ನೋಡುತ್ತ ಕೊಟ್ಟರೆ, "ಮುಖ ನೋಡಿ ಕೊಡಪ್ಪಾ" ಎನ್ನುತ್ತಾಳೆ. ನೋಡಿ ಕೊಡುತ್ತೇನೆ. ಉಂಗುರ ಮತ್ತೆ ಬೀರುವಿನಲ್ಲಿ ಅದೇ ಸ್ಟೀಲ್ ಡಬ್ಬಿಗೆ ಹೋಗಿದೆ. ಮೊನ್ನೆ ಅವಳು ಅದನ್ನು ತೆಗೆದು ಬೆರಳಿಗೆ ಹಾಕಿ ನೋಡಿಕೊಂಡಳು. ದಾರ ಕೊಳೆಯಾಗಿತ್ತು.

"ಅಪ್ಪಾ, ಇದನ್ನ ಬಿಚ್ಚಿಬಿಡ್ಲಾ?"

"ಬೇಡ" ಎಂದೆ. ದನಿ ಜೋರಾಯಿತೇನೋ, ಅವಳು ನನ್ನನ್ನೇ ನೋಡಿದಳು.

"ಯಾಕಪ್ಪಾ?"

"ಇರ್ಲಿ ಬಿಡು" ಎಂದು ಹೇಳಿ ಡಬ್ಬಿ ಮುಚ್ಚಿದೆ. ಆ ದಾರ ಬಿಚ್ಚಿದರೆ, ಹಿಂದೆ ಆ ಸಂಜೆ, ಗೇಟಿನ ಹತ್ತಿರ ಕೈ ಸೋತು ನಿಂತವನ ಎಡಗಡೆಗೆ ಯಾರೂ ಬರುವುದಿಲ್ಲ, ಮಗು ಅಳುತ್ತಲೇ ಇರುತ್ತದೆ ಎಂದು ನನಗೆ ಹೆದರಿಕೆಯಾಯಿತು. ಇದು ಅರ್ಥವಿಲ್ಲದ ಹೆದರಿಕೆ ಎಂದು ಗೊತ್ತು. ಆದರೂ ದಾರ ಹಾಗೆಯೇ ಇದೆ.